ಕೆಂಪಿಯ ಪರವಾಗಿ ಅಂಬಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೀರು ಏರಿದ ಆ ವರ್ಷ ಶಾಲೆಯ ಪರಿಹಾರ ಕ್ಯಾಂಪಿನಲ್ಲಿ, ಅಡುಗೆ ಚಪ್ಪರದ ಹಿಂದೆ ಕುಕ್ಕರಗಾಲಲ್ಲಿ ಕೂತು, ಫೋನಿಗೆ ಬಾಯಿಟ್ಟು ‘ಅಂಬಾ’ ಎಂದು ಕೂಗಿದ ಮಹಾನುಭಾವ ನಾನೇ. ಒಂದು ಸಲವಲ್ಲ, ನಾಲ್ಕು ದಿನ, ದಿನಕ್ಕೆ ಎರಡು ಹೊತ್ತು. ಇವತ್ತು ಬೆಳಿಗ್ಗೆ ಚೀಲ ತುಂಬಲು ಅಟ್ಟದಿಂದ ಹಗ್ಗದ ಸುರುಳಿಯೊಂದನ್ನು ಇಳಿಸಿದೆ. ಅದರಲ್ಲಿ ಇನ್ನೂ ಹಳೆಯ ಹುಲ್ಲಿನ, ಸಗಣಿಯ ವಾಸನೆ. ಮೂಗಿಗೆ ತಾಗಿದ್ದೇ ತಡ, ಗಂಟಲು ತಾನಾಗಿ ‘ಅಂ’ ಎಂದು ಸಜ್ಜಾಯಿತು. ಚಾಳಿ ನೋಡಿ.

ನಮ್ಮದು ಗಡಿಯಾಚೆಯ ಕಾಟ್ಟಿಕುಳಂನಲ್ಲಿ ತರಕಾರಿ ಅಂಗಡಿ. ಅಜ್ಜನ ಕಾಲದಲ್ಲಿ ಸರಗೂರಿನ ಕಡೆಯಿಂದ ಬಂದವರು. ಒಳಗೆ ಕನ್ನಡ, ಗಿರಾಕಿಯ ಮುಂದೆ ಮಲಯಾಳ. ಹೀಗೆ ಹೊಸ್ತಿಲ ಮೇಲೆ ಬೆಳೆದವನಿಗೆ ತನ್ನದೊಂದನ್ನು ಬಿಟ್ಟು ಊರಿನ ಎಲ್ಲರ ಸ್ವರವೂ ಬರುತ್ತದೆ. ಬದನೆಕಾಯಿ ಒತ್ತಿನೋಡಿ ನಿಟ್ಟುಸಿರು ಬಿಡುವ ಟೀಚರ್, ಕೆಮ್ಮಿ ಕೆಮ್ಮಿ ಚೌಕಾಸಿ ಮಾಡುವ ನಮ್ಮ ಸೋದರಮಾವ, ಯಾರನ್ನೂ ಬಿಟ್ಟಿಲ್ಲ. ಕ್ಯಾಂಪಿಗೆ ಸ್ವಯಂಸೇವಕನಾಗಿ ಹೋದದ್ದೂ, ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಸೇವೆಯ ಹಂಬಲದಿಂದಲ್ಲ. ಎದ್ದು ಹೋಗಲು ಬೇರೆ ಜಾಗವಿಲ್ಲದ ಪ್ರೇಕ್ಷಕರು ಅಷ್ಟು ಮಂದಿ ಇನ್ನೆಲ್ಲಿ ಸಿಗುತ್ತಾರೆ?

ಎಲ್ಲರೂ ನಕ್ಕರು. ನಗದವರು ಜವನಮ್ಮಜ್ಜಿ ಒಬ್ಬರೇ. ತಿರುನೆಲ್ಲಿ ದಾರಿಯಲ್ಲಿ, ಗದ್ದೆಯ ಅಂಚಿಗೆ ಅವರ ಮನೆ. ಜೊತೆಗೆ ಕೆಂಪಿ ಎಂಬ ಹಸು. ಅಂಗಳಕ್ಕೆ ನೀರು ನುಗ್ಗಿ ಜೀಪು ಬಂದಾಗ ಕುಡುಗೋಲಿನಿಂದ ಕೆಂಪಿಯ ಹಗ್ಗ ಕೊಯ್ದು, ಗುಡ್ಡದ ಕಡೆಗೆ ಅಟ್ಟಿ, ಜೀಪು ಹತ್ತಿದ್ದರು. ಈಗ ಮೂರನೇ ಕ್ಲಾಸಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಬರೀ ಕಟ್ಟನ್ ಚಾಯ, ಅಂದರೆ ಹಾಲಿಲ್ಲದ ಟೀ. ಅನ್ನ ಮುಟ್ಟುತ್ತಿರಲಿಲ್ಲ. ಮೊದಲು ಹಸುವಿಗೆ ಹುಲ್ಲು, ಆಮೇಲೆ ತನಗೆ ಅನ್ನ. ಅದು ಅವರಿಗೆ ವ್ರತವಲ್ಲ, ಮುಖ ತೊಳೆಯುವ ಹಾಗೆ ಅಭ್ಯಾಸ.

‘ಉಣ್ಣಿ ಅಜ್ಜಿ’ ಅಂದೆ.

‘ಅದು ತಿಂತೋ ಇಲ್ವೋ ತಿಳೀದೆ ನಾನೆಂಗ್ಲಾ ಬಾಯಿಗ್ ಇಟ್ಕಳ್ಳದು?’

ಎರಡನೇ ದಿನ ಬಾಗಿಲ ಹತ್ತಿರ ತಲೆ ತಿರುಗಿ ಕೂತುಬಿಟ್ಟರು. ನರ್ಸ್ ಬಂದು ಗ್ಲೂಕೋಸ್ ಕುಡಿಸಿದರು. ಸಂಜೆ ಅಡುಗೆ ಮಾಡುವ ಅಕ್ಕ, ಸಾರಾ ಚೇಚಿ, ಸೌಟನ್ನು ನನ್ನ ಕಡೆ ತಿರುಗಿಸಿ ಮಲಯಾಳದಲ್ಲಿ ಕೆಣಕಿದರು: ‘ಊರವರ ಬಾಯಿಯೆಲ್ಲ ನಗೆಗೆ ತೆರೆಸುತ್ತೀಯಲ್ಲ ಮೋನೇ, ಆ ಅಮ್ಮಚ್ಚಿಯ ಬಾಯಿ ಒಂದು ತುತ್ತಿಗೆ ತೆರೆಸು ನೋಡೋಣ.’

ಅಲ್ಲಿಗೆ ನನ್ನ ಬುದ್ಧಿ ಕೆಲಸ ಮಾಡಿತು, ಅಥವಾ ಕೆಲಸ ಬಿಟ್ಟಿತು. ಅಜ್ಜಿಯ ಮನೆಯ ಮೇಲಿನ ಗುಡ್ಡದಲ್ಲಿ ಕಾಫಿತೋಟ ಇರುವ ವರ್ಕಿ ಚೇಟ್ಟ, ಅಂದರೆ ವರ್ಕಿಯಣ್ಣ, ನಮ್ಮ ಅಂಗಡಿಯ ಗಿರಾಕಿ. ಅವರ ಮೂಗಿನ ಸ್ವರ, ಅವರ ಮುರುಕು ಕನ್ನಡ, ಎರಡೂ ನನಗೆ ಬಾಯಿಪಾಠ. ಚೇಚಿಗೆ ಮೊದಲೇ ಹೇಳಿಟ್ಟು, ಚಪ್ಪರದ ಹಿಂದೆ ಹೋಗಿ ಅವರ ಫೋನಿಗೆ ಕರೆ ಮಾಡಿದೆ. ಚೇಚಿ ಅದನ್ನು ಅಜ್ಜಿಯ ಕಿವಿಗೆ ಹಿಡಿದರು.

‘ಅಜ್ಜೀ, ನಾನು ವರ್ಕಿ. ನಿನ್ನ ಪಶು ಇಲ್ಲಿ ಉಂಟು. ಹುಲ್ಲು ತಿಂದು ಮಲಗಿ ಉಂಟು. ಕೇಳು ಬೇಕಾದ್ರೆ.’ ಮತ್ತೆ, ಹೊಟ್ಟೆಯ ಆಳದಿಂದ, ‘ಅಂಬಾ’.

ಅಜ್ಜಿ ಕೈ ತೊಳೆದು ಬಂದು ಎರಡು ಸಲ ಬಡಿಸಿಕೊಂಡು ಉಂಡರು. ಚೇಚಿ ಕಣ್ಣೊರೆಸಿಕೊಂಡರು. ನಾನು ಕಾಲರ್ ಎತ್ತಿಕೊಂಡೆ.

ಮಾರನೆಯ ದಿನ ಊಟದ ಹೊತ್ತಿಗೆ ಅಜ್ಜಿ ನೇರ ನನ್ನ ಹತ್ತಿರವೇ ಬಂದರು. ‘ಫೋನು ಬಂತಾ ಮಗ? ಕೆಂಪಿ ಏನಂತಾಳೆ?’

ಚಪ್ಪರದ ಹಿಂದೆ ಓಡಿದೆ. ರಾತ್ರಿಯೂಟಕ್ಕೆ ಮತ್ತೆ, ‘ಕೆಂಪಿ ಏನಂತಾಳೆ?’ ಪ್ರತಿ ಸಲ ಕೂಗಿ ಫೋನಿಟ್ಟಾಗಲೂ ಅದೇ ಯೋಚನೆ. ಕೆಂಪಿ ನೀರಿನಲ್ಲಿ ಹೋಗಿದ್ದರೆ? ಆ ಮುದುಕಿಗೆ ಇರುವುದು ಅದೊಂದು ಜೀವ. ಸತ್ತ ಹಸುವಿನ ಪರವಾಗಿ ಎಷ್ಟು ದಿನ ಕೂಗಲಿ?

ನೀರಿಳಿದು ಜೀಪು ಓಡತೊಡಗಿದ್ದೇ ಹೊರಟೆ. ವರ್ಕಿ ಚೇಟ್ಟನ ಮನೆಗೆ ಬೀಗ. ದಿನಾ ಎರಡು ಹೊತ್ತು ಅಜ್ಜಿಯೊಡನೆ ಮಾತಾಡುತ್ತಿದ್ದ ಚೇಟ್ಟ ಮಳೆ ಹಿಡಿದ ದಿನವೇ ಮಾನಂದವಾಡಿಯ ಮಗಳ ಮನೆಗೆ ಹೋಗಿದ್ದರಂತೆ. ಗುಡ್ಡ ಹತ್ತಿ ಇಳಿದು ಬರಿಗೈಲಿ ಬಂದೆ, ಬಂದು ಕೂಗಿದೆ. ಮರುದಿನ ಮತ್ತೆ ಹೋದೆ. ಜಿಗಣೆ ಎಣಿಸುವುದನ್ನು ಬಿಟ್ಟಿದ್ದೆ. ಒಂದು ತಿರುವಿನಲ್ಲಿ ಆನೆ ಲದ್ದಿ ಇನ್ನೂ ಹಬೆಯಾಡುತ್ತಿತ್ತು. ಆಗ ನನ್ನ ಗಂಟಲಿನಿಂದ ಯಾವ ಪ್ರಾಣಿಯ ಸ್ವರವೂ ಹೊರಡಲಿಲ್ಲ, ನನ್ನದೂ ಸೇರಿ. ಆದರೂ ಹಿಂದಿರುಗಲು ಕಾಲು ಒಪ್ಪಲಿಲ್ಲ. ‘ಕೆಂಪಿ ಏನಂತಾಳೆ’ ಎಂಬ ಪ್ರಶ್ನೆಗೆ ಇನ್ನೊಂದು ಸಲ ಸುಳ್ಳು ಹೇಳುವುದಕ್ಕಿಂತ ಆನೆಯೇ ವಾಸಿ ಅನ್ನಿಸಿತ್ತು.

ಮೂರನೆಯ ದಿನ, ತೋಟದಾಚೆಯ ಬಿದಿರಿನ ಮೆಳೆಯಲ್ಲಿ ಸಿಕ್ಕಿದಳು. ಎಲುಬು ಕಾಣುತ್ತಿತ್ತು, ಕೊರಳಲ್ಲಿ ಕೊಯ್ದ ಹಗ್ಗದ ತುಂಡು. ನನ್ನನ್ನು ಕಂಡು ಕೂಗಿದಳು: ತುಕ್ಕು ಹಿಡಿದ ಗೇಟನ್ನು ಯಾರೋ ಎಳೆದ ಹಾಗೆ ಒಂದು ಕಿರ್ರ್. ನಾಲ್ಕು ದಿನದಿಂದ ನಾನು ಕೂಗಿದ್ದ ದುಂಡು ದುಂಡು ‘ಅಂಬಾ’ಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇರಲಿಲ್ಲ.

ಶಾಲೆಯ ಬೇಲಿಯಾಚೆ ಹಲಸಿನ ಮರಕ್ಕೆ ಕಟ್ಟಿದೆ. ಅಜ್ಜಿ ಕೆಂಪಿಯ ಕಿವಿಯ ಜಿಗಣೆಗಳಿಗೆ ಉಪ್ಪು ಹಚ್ಚುತ್ತ ಕೂತರು. ನಾನು ನೆಲ ನೋಡುತ್ತ ಅಂದೆ, ‘ಅಜ್ಜಿ, ಫೋನಿನಲ್ಲಿದ್ದದ್ದು ವರ್ಕಿ ಚೇಟ್ಟ ಅಲ್ಲ.’

‘ಗೊತ್ತು.’

‘ಹಸುವೂ ನಾನೇ.’

‘ಹಸುನಾ? ಅದು ಎಮ್ಮೆ ಅಲ್ವಾ ಮಗ?’

ಕಲಾವಿದನಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಅದನ್ನೂ ನುಂಗಿ ಕೇಳಿದೆ, ‘ಗೊತ್ತಿದ್ದೂ ಯಾಕೆ ಉಂಡ್ರಿ ಮತ್ತೆ?’

ಈಗ ಮತ್ತೆ ಮೂರು ದಿನದಿಂದ ಬಿಡದೆ ಮಳೆ. ಶಾಲೆಯನ್ನು ಕ್ಯಾಂಪಿಗೆ ತೆರೆಯುತ್ತಿದ್ದಾರೆ, ನನ್ನ ಚೀಲದಲ್ಲಿ ಹಗ್ಗವೂ ಉಪ್ಪಿನ ಪೊಟ್ಟಣವೂ ಇವೆ. ನಿನ್ನೆ ಸ್ವಯಂಸೇವಕರ ಸಭೆಯಲ್ಲಿ ಎದ್ದು ನಿಂತು ಹೇಳಿದೆ: ಈ ಸಲ ಜನ ಜೀಪು ಹತ್ತುವಾಗಲೇ, ಯಾವ ಪ್ರಾಣಿಯನ್ನು ಎಲ್ಲಿ ಬಿಟ್ಟು ಬಂದಿರಿ ಎಂದು ಕೇಳಿ ಬರೆದುಕೊಳ್ಳಬೇಕು, ಹುಡುಕಲು ನಾನು ಹೋಗುತ್ತೇನೆ. ಯಾರ ಸ್ವರದಲ್ಲಿ ಹೇಳುತ್ತಿದ್ದಾನೆಂದು ಎಲ್ಲರೂ ನಗುತ್ತಲೇ ಕಿವಿಗೊಟ್ಟರು. ನನ್ನದೇ ಎಂದು ತಿಳಿದಾಗ ನಗು ನಿಂತಿತು. ಮೊದಲು ಮನುಷ್ಯರ ಹೊಟ್ಟೆ ನೋಡಪ್ಪ, ದನದ ಉಸಾಬರಿ ಆಮೇಲೆ, ಎಂದರು ಹಿರಿಯರೊಬ್ಬರು. ಜವನಮ್ಮಜ್ಜಿ ಅವತ್ತು ಹಲಸಿನ ಮರದ ಕೆಳಗೆ ತಲೆಯೆತ್ತದೆ ಕೊಟ್ಟ ಉತ್ತರವನ್ನೇ ಅವರಿಗೂ ಒಪ್ಪಿಸಿದೆ, ಅಣಕಿಸದೆ.

‘ಉಣ್ಣದೆ ಕೂತಿದ್ದಾಗ ನಂಗೆ ಗ್ಲೂಕೋಸು ಕೊಟ್ರಿ. ನಿನ್ ಸುಳ್ಳ ನಂಬ್ದಂಗೆ ಉಂಡ ಮೇಲೆ ತಾನೇ ನೀನು ಹಸ ಹುಡ್ಕಕ್ಕೆ ಹೊಂಟಿದ್ದು?’