ಸೂಜಿ ಅಕ್ಕನ ಬೈತಲೆ

ಬಡಾವಣೆಯ ಮಕ್ಕಳಿಗೆಲ್ಲ ಅವಳು ಸೂಜಿ ಅಕ್ಕ. ಆಸ್ಪತ್ರೆಯ ಲಸಿಕೆ ಕೊಠಡಿಯಲ್ಲಿ ಮೂವತ್ತು ವರ್ಷ ಸವೆಸಿದ ನರ್ಸು. ಅವಳ ಚಪ್ಪಲಿ ಸದ್ದು ಕೇಳಿದರೆ ಸಾಕು, ಹೊರಗೆ ಬೆಂಚಿನ ಮೇಲಿದ್ದ ಮಕ್ಕಳು ರಾಗ ತೆಗೆಯುತ್ತಿದ್ದವು. ಅವಳದು ಒಂದೇ ಮಾತು: "ಇರುವೆ ಕಚ್ಚಿದ ಹಾಗೆ ಅಷ್ಟೇ, ಪುಟ್ಟಾ." ಮಗುವಿಗಿಂತ ಮೊದಲೇ ಕಣ್ಣೊರೆಸಿಕೊಳ್ಳುವ ತಾಯಂದಿರಿಗೂ ಅದೇ ಮಾತು.

ಇಂಥವಳ ಬೈತಲೆ ಅಗಲವಾಗುತ್ತ ಬಂತು. ಮೊದಲು ಎಡಕ್ಕೆ ಸರಿಸಿ ಬಾಚಿದಳು, ಆಮೇಲೆ ಬಲಕ್ಕೆ. ಸರಿಸಲು ಜಾಗವೇ ಉಳಿಯದಾದಾಗ ತಂಗಿ ಬಾಯಿಬಿಟ್ಟಳು.

"ಅಕ್ಕಾ, ಮಗು ಕಾಲು ಹಿಡಿಯೋಕೆ ನೀನು ಬಗ್ಗಿದ್ರೆ ಅವರಪ್ಪಂದಿರೆಲ್ಲ ನಿನ್ನ ನೆತ್ತೀನೇ ನೋಡ್ತಾರೆ."

"ನೋಡ್ಲಿ ಬಿಡೇ. ಅವರ ತಲೇಲೇನು ಕಾಡು ಬೆಳೆದಿದ್ಯಾ?"

ಹಾಗೆಂದಳೇನೋ ನಿಜ. ಮರುದಿನದಿಂದ ಬಗ್ಗುವುದನ್ನೇ ಬಿಟ್ಟಳು. ಎತ್ತರದ ಸ್ಟೂಲು ತರಿಸಿ, ನೆಟ್ಟಗೆ ಕೂತು, ಮಕ್ಕಳನ್ನು ತನ್ನೆತ್ತರಕ್ಕೆ ಎತ್ತಿಸಿಕೊಂಡಳು. ಬೆನ್ನು ಹಿಡಿದುಕೊಂಡಿತು.

ಕೊನೆಗೆ ಚರ್ಮದ ಡಾಕ್ಟರಮ್ಮನ ಬಳಿ ಹೋದಳು. ಐದು ವರ್ಷದವಳಿದ್ದಾಗ ಇವಳ ಹೆಬ್ಬೆರಳು ಕಚ್ಚಿದ್ದ ಹುಡುಗಿಯೇ ಈಗಿನ ಡಾಕ್ಟರಮ್ಮ. ತೋಳಿನ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲೆ ನಿಂತ ಹಳದಿ ತಿಳಿಯನ್ನು ನೆತ್ತಿಗೆ ಚುಚ್ಚುವ ಚಿಕಿತ್ಸೆ. ತಿಂಗಳಿಗೊಂದರಂತೆ ಮೂರು ಸಲ.

"ಎಲ್ಲರಿಗೂ ಫಲ ಕೊಡುತ್ತೆ ಅಂತ ಹೇಳೋಕಾಗಲ್ಲ ಅಕ್ಕ. ಸಲಕ್ಕೆ ಐವತ್ತು ಚುಚ್ಚು."

ಮರಗಟ್ಟಿಸುವ ಕ್ರೀಮು ಹಚ್ಚಿದ್ದಾಯಿತು. ಸೂಜಿ ಹಿಡಿದ ಡಾಕ್ಟರಮ್ಮ ನಕ್ಕಳು: "ಇರುವೆ ಕಚ್ಚಿದ ಹಾಗೆ ಅಷ್ಟೇ!"

ಏಳನೆಯ ಇರುವೆಗೆ ಸೂಜಿ ಅಕ್ಕ ಕುರ್ಚಿಯಿಂದೆದ್ದು, ಚಪ್ಪಲಿ ಕೈಯಲ್ಲಿ ಹಿಡಿದು, ಮನೆ ಸೇರಿದಳು.

ಮರುದಿನ ಲಸಿಕೆಗೆ ಬಂದ ಹುಡುಗಿಯೊಬ್ಬಳು ಬಾಗಿಲ ಚೌಕಟ್ಟನ್ನು ತಬ್ಬಿ ನಿಂತಳು. ಸೂಜಿ ಅಕ್ಕ ಬಾಯಿ ತೆರೆದಳು. ಇರುವೆ ಹೊರಬರಲಿಲ್ಲ.

"ನೋಯುತ್ತೆ ಮರಿ. ಹತ್ತು ಎಣಿಸು, ಅಷ್ಟರಲ್ಲಿ ಮುಗಿಯುತ್ತೆ."

"ನಿಂಗೂ ಚುಚ್ಚಿದಾರಾ?"

"ನೆತ್ತಿಗೆ. ಏಳು."

"ಅತ್ತುಬಿಟ್ಯಾ?"

"ಓಡಿಬಂದೆ."

ಹುಡುಗಿ ಕಿಲಕಿಲ ನಗುತ್ತ ತೋಳೊಡ್ಡಿದಳು. ನಾಲ್ಕು ಎಣಿಸುವಷ್ಟರಲ್ಲಿ ಮುಗಿಯಿತು. ಹೋಗುವಾಗ ತಿರುಗಿ, "ನಾನು ಓಡಲಿಲ್ಲ ನೋಡು," ಎಂದು ಚುಚ್ಚಿ ಹೋದಳು. ಆ ಚುಚ್ಚಿಗೆ ಯಾವ ಕ್ರೀಮೂ ಇರಲಿಲ್ಲ.

ಮುಂದಿನ ವಾರ ಮತ್ತೆ ಅದೇ ಕುರ್ಚಿ. "ಇರುವೆ ಸುದ್ದಿ ಎತ್ತಬೇಡಮ್ಮ, ನಾನೇ ಎಣಿಸ್ತೀನಿ." ಐವತ್ತೂ ಎಣಿಸಿದಳು, ಹೊರಗೆ ಕೂತವರಿಗೆಲ್ಲ ಕೇಳುವ ಹಾಗೆ. ಮೂರು ಸಲವೂ.

ಆರು ತಿಂಗಳ ಮೇಲೆ ಕೋಳಿಮರಿಯ ಪುಕ್ಕದಂಥ ಒಂದಿಷ್ಟು ಕೂದಲು ಚಿಗುರಿತು. ತಂಗಿಗೆ ಕಾಣಿಸಲು ಟಾರ್ಚು ಬೇಕಾಯಿತು. ಆದರೆ ಅಷ್ಟು ಹೊತ್ತಿಗಾಗಲೇ ಸ್ಟೂಲು ಮೂಲೆ ಸೇರಿತ್ತು. ಅಳುವ ಮಗುವಿನ ಮುಂದೆ ಸೂಜಿ ಅಕ್ಕ ನೆತ್ತಿ ಬಗ್ಗಿಸುತ್ತಿದ್ದಳು: "ನೋಡು, ಸಲಕ್ಕೆ ಐವತ್ತು. ನಿಂದು ಒಂದೇ."