ಹುಣಸೆಹುಳಿಯಲ್ಲಿ ತೊಳೆದ ಉಲ್ಕೆ

ನನ್ನ ಅಂಗಿಗಳ ಜೇಬೆಲ್ಲ ಹರಿದಿವೆ. ಹಳೆಯ ಸ್ಪೀಕರಿನಿಂದ ಕಿತ್ತ ದುಂಡು ಅಯಸ್ಕಾಂತವೊಂದನ್ನು ಅಲ್ಲಿಟ್ಟುಕೊಂಡು ತಿರುಗುವ ಚಟ ನನ್ನದು. ಅದರ ಭಾರಕ್ಕೆ ಹೊಲಿಗೆ ಬಿಡುತ್ತದೆ, ಹೊಲಿಸುತ್ತೇನೆ, ಮತ್ತೆ ಬಿಡುತ್ತದೆ. ಯಾಕೆ ಈ ಉಸಾಬರಿ ಎಂದು ನೀವು ಕೇಳಿದರೆ ಮೆಲ್ಲಗೆ ಹೇಳಬೇಕಾಗುತ್ತದೆ: ನಾನು ಆಕಾಶದಿಂದ ಬಿದ್ದ ಕಬ್ಬಿಣವನ್ನು ಕೂಡಿಡುತ್ತೇನೆ. ಹೀಗೆಂದ ಕೂಡಲೇ ಜನ ನನ್ನ ಮುಖವನ್ನು ಎರಡನೆಯ ಸಲ ನೋಡುತ್ತಾರೆ. ಅವರ ಅನುಮಾನ ನ್ಯಾಯವಾದದ್ದೇ. ನಾನು ಕೂಡಿಟ್ಟದ್ದರಲ್ಲಿ ಬಹುಪಾಲು ಬಿದ್ದದ್ದು ಆಕಾಶದಿಂದಲ್ಲ, ಟ್ರ್ಯಾಕ್ಟರಿನಿಂದ.

ಸವಣೂರಿನಲ್ಲಿ ನನ್ನ ಮನೆಯ ಹಿಂದಿನ ಓಣಿಯಲ್ಲಿ ಖಾದರಸಾಬರ ಗುಜರಿ ಅಂಗಡಿಯಿದೆ. ವಿಚಿತ್ರ ಆಕಾರದ ಕಬ್ಬಿಣ ಬಂದರೆ ಅವರು ನನಗಾಗಿ ತೆಗೆದಿಡುತ್ತಾರೆ.

"ಬರ್ರಿ ಮಾಸ್ತರ್ರ, ಮ್ಯಾಲಿಂದ ಪಾರ್ಸಲ್ ಬಂದೈತಿ."

"ಇದು ಗಿರಣಿ ಸಾಮಾನಲ್ರಿ ಸಾಬ್ರ?"

"ಅಲ್ಲೂ ಗಿರಣಿ ಇರಬೌದಲ್ರಿ. ಅವ್ರೂ ಊಟಾ ಮಾಡಬೇಕಲ್ಲ!"

ನಾನು ನಗುತ್ತೇನೆ, ಆದರೂ ಮನೆಗೆ ಹೊತ್ತು ತರುತ್ತೇನೆ. ನಂಬದವನೂ ಬಿಟ್ಟುಬರಲಾರದ ವಸ್ತುಗಳಿರುತ್ತವೆ. ನನ್ನಲ್ಲಿರುವ ಒಂದೇ ಒಂದು ಖರೆ ಉಲ್ಕೆ ಟಪಾಲಿನಲ್ಲಿ ತರಿಸಿದ್ದು, ಉಗುರಿನಷ್ಟು ದೊಡ್ಡದು. ಕೊಯ್ದು, ನಯಮಾಡಿ, ಆಮ್ಲದಲ್ಲಿ ಅದ್ದಿದ ಆ ತುಣುಕಿನ ಮೈಮೇಲೆ ಚಾಪೆಯ ಹೆಣಿಗೆಯಂತೆ ಗೆರೆಗಳು ಒಂದನ್ನೊಂದು ಹಾಯ್ದಿವೆ. ಲಕ್ಷಾಂತರ ವರ್ಷಗಳ ಕಾಲ ನಿಧಾನವಾಗಿ ಆರಿದ ಲೋಹದಲ್ಲಿ ಮಾತ್ರ ಅಂಥ ಗೆರೆ ಮೂಡುತ್ತದಂತೆ, ಯಾವ ಕುಲುಮೆಗೂ ಅಷ್ಟು ತಾಳ್ಮೆಯಿಲ್ಲ. ಅದರ ಜೊತೆ ಒಂದು ಪ್ರಮಾಣಪತ್ರವೂ ಬಂದಿತ್ತು. ಗೆರೆಗಳನ್ನು ನಂಬಿದೆ, ಪತ್ರವನ್ನು ನಂಬಲಿಲ್ಲ.

ಇಷ್ಟೆಲ್ಲ ಅನುಮಾನ ನನಗೆ ಎಲ್ಲಿಂದ ಬಂತೆಂದರೆ, ಅಪ್ಪನಿಂದ. ಅಪ್ಪನ ಹೆಸರು ಫಕ್ಕೀರಪ್ಪ. ಹಾನಗಲ್ಲಿನ ಆಚೆ ನಮ್ಮದೊಂದು ಭತ್ತದ ಗದ್ದೆ, ಅದಕ್ಕೆ ಹೊಂದಿ ಒಂದು ದಿಬ್ಬವಿತ್ತು. ಒಂದು ಮುಸ್ಸಂಜೆ ದಿಬ್ಬದ ಹಿಂದೆ ಬೆಂಕಿಯ ಚುಕ್ಕಿ ಬಿದ್ದದ್ದನ್ನು ಅಪ್ಪ ಕಂಡನಂತೆ. ಬೆಳಗ್ಗೆ ಹೋಗಿ ಹುಡುಕಿದಾಗ ತೆಂಗಿನಕಾಯಿ ಗಾತ್ರದ ಕಬ್ಬಿಣದ ಗಟ್ಟಿ ಸಿಕ್ಕಿತಂತೆ. ಅವ್ವ ಹೇಳುವಾಗ ಅಂದು ಮಳೆ ಬಂದು ನಿಂತಿತ್ತು. ಅಕ್ಕ ಹೇಳುವಾಗ ಆಕಾಶ ತೊಳೆದಿಟ್ಟಂತಿತ್ತು. ನನ್ನ ನೆನಪಿನಲ್ಲಿ ನಾನು ಅಪ್ಪನ ಬೆರಳು ಹಿಡಿದು ನಿಂತಿದ್ದೇನೆ, ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿದೆ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಇಂಥ ನೆನಪನ್ನು ಯಾವ ಅಂಗಡಿಯವನು ನನಗೆ ಮಾರಿದನೋ ಗೊತ್ತಿಲ್ಲ, ಆದರೆ ವಾಸನೆ ಇಂದಿಗೂ ಗಾಢವಾಗಿದೆ. ಅದಕ್ಕೇ ಹೇಳುತ್ತೇನೆ, ಅಂಚು ಹೊಲಿದು ಇಸ್ತ್ರಿ ಮಾಡಿದ ನೆನಪು ಕಂಡರೆ ಮೊದಲು ಅದರ ಜೇಬು ತಡವಿ ನೋಡಬೇಕು.

ಊರಿನವರು ನಂಬಲಿಲ್ಲ. ಅಪ್ಪನಿಗೆ ಚುಕ್ಕಿ ಫಕ್ಕೀರಪ್ಪ ಎಂದು ಹೆಸರಿಟ್ಟರು. ಅಷ್ಟಕ್ಕೇ ನಿಂತಿದ್ದರೆ ತಮಾಷೆ. ಮುಂದೊಮ್ಮೆ ಬದುವಿನ ಜಗಳದಲ್ಲಿ, ಗಡಿಕಲ್ಲು ಕಿತ್ತವನನ್ನು ಕಣ್ಣಾರೆ ಕಂಡಿದ್ದ ಅಪ್ಪ ಪಂಚರ ಮುಂದೆ ಬಾಯಿ ತೆರೆದಾಗ ಯಾರೋ ಹಿಂದಿನಿಂದ, "ಚುಕ್ಕಿ ಕಂಡಾಂವನ ಸಾಕ್ಷಿ ಬ್ಯಾಡ್ರೆಪಾ" ಎಂದರು. ಎಲ್ಲರೂ ನಕ್ಕರು. ಅಂದಿನಿಂದ ಅಪ್ಪ ಏನನ್ನು ಕಂಡರೂ ಕಂಡೆ ಎನ್ನಲಿಲ್ಲ. ಮಳೆ ಬಂತೇನು ಎಂದು ಕೇಳಿದರೂ, "ನೀನ ನೋಡ್ಕೋ" ಎನ್ನುತ್ತಿದ್ದ.

ಗಟ್ಟಿ ಮಾತ್ರ ಅವ್ವನ ದೇವರಾಯಿತು. ಮಹಾನವಮಿಗೆ ಕುಡಗೋಲು, ಹಾರೆ, ಕುಂಟೆಯ ಕುಡಗಳನ್ನು ತೊಳೆದು ಪೂಜಿಸುವಾಗ ಅದಕ್ಕೂ ಒಂದು ಮಣೆ. ಹಿತ್ತಾಳೆ ಕೊಡ ಬೆಳಗುವಂತೆ ಹುಣಸೆಹುಳಿ, ಬೂದಿ ಹಾಕಿ ಅವ್ವ ಅದನ್ನು ತಿಕ್ಕುತ್ತಿದ್ದಳು. ಆಕಾಶದಿಂದ ಬಂದ ಕಬ್ಬಿಣಕ್ಕೆ ಗಾಳಿಯಲ್ಲಿ ಉರಿದು ಕಟ್ಟಿದ ತೆಳುವಾದ ಕರಿ ಸಿಪ್ಪೆಯೊಂದಿರುತ್ತದೆ, ಬಲ್ಲವರು ಮೊದಲು ಅದನ್ನೇ ಕೇಳುತ್ತಾರೆ. ಅಂಥದೊಂದು ಸಿಪ್ಪೆ ಇದ್ದಿದ್ದರೂ ಅವ್ವನ ಭಕ್ತಿ ಅದನ್ನು ಉಳಿಸುತ್ತಿರಲಿಲ್ಲ. ಗಂಡನ ಮಾತಿಗಿದ್ದ ಒಂದೇ ಪುರಾವೆಯನ್ನು ಅವಳು ಹಬ್ಬಹಬ್ಬಕ್ಕೂ ಹುಳಿ ಹಾಕಿ ಬೆಳಗಿದಳು. ತಿಳಿಯದೆ ಮಾಡಿದಳೋ, ಅಥವಾ ಪರೀಕ್ಷೆಯ ದಿನ ಬರದಿರಲೆಂದು ಮಾಡಿದಳೋ? ತಾಯಿಯ ಮೇಲೂ ಇಂಥ ಸಂಶಯ ಪಡುವವನ ಬಗ್ಗೆ ನೀವು ಏನೆಂದುಕೊಂಡರೂ ಸರಿಯೆ.

ಅಪ್ಪ ಹೋದ, ಅವ್ವ ಹೋದಳು. ಗಟ್ಟಿ ಹಿರೇಕೆರೂರಿಗೆ, ನನ್ನ ಅಕ್ಕ ಗಿರಿಜಕ್ಕನ ದೇವರ ಜಗುಲಿಗೆ ಹೋಯಿತು. ಕೊಯ್ಯಿಸಿ ನೋಡೋಣವೆಂದು ನಾನು ಎಂದೂ ಬಾಯಿ ಬಿಡಲಿಲ್ಲ. ಕಂಡವರ ಕಬ್ಬಿಣಕ್ಕೆಲ್ಲ ಅಯಸ್ಕಾಂತ ಹಚ್ಚುವವನು ಅಪ್ಪನ ಕಬ್ಬಿಣವನ್ನು ಮಾತ್ರ ಹಾಗೇ ಬಿಟ್ಟಿದ್ದೆ.

ಕಳೆದ ತಿಂಗಳು ಗಿರಿಜಕ್ಕ ಹೇಳದೆ ಕೇಳದೆ ಬಂದಳು. ಕೈಚೀಲದಲ್ಲಿ ಗಟ್ಟಿ.

"ಹಾನಗಲ್ಲಾಗ ಮದವಿಗೆ ಹೋಗಿದ್ನಿ ತಮ್ಮಾ. ಊಟಕ್ಕ ಕುಂತಾಗ ನಮ್ಮೂರ ಮುದುಕೊಬ್ಬ ಬೀಗರಿಗೆ ನನ್ನ ಗುರ್ತಾ ಹೇಳಿದ್ದು ಹೆಂಗಂತಿ? ಚುಕ್ಕಿ ಫಕ್ಕೀರಪ್ಪನ ಮಗಳಂತ. ಇಡೀ ಪಂಕ್ತಿ ನಕ್ಕಿತು. ಅಪ್ಪ ಸತ್ತರೂ ಆ ನಗಿ ಸತ್ತಿಲ್ಲ. ನೀ ಊರ ಕಬ್ಬಿಣೆಲ್ಲಾ ಪರೀಕ್ಷಾ ಮಾಡ್ತೀ, ಇದನ್ನ ಯಾಕ ಮಾಡಿಲ್ಲ?"

"ಕೊಯ್ಯಬೇಕಾಗ್ತೈತಿ ಅಕ್ಕಾ. ಕೊಯ್ದ ಮ್ಯಾಲ ಅಲ್ಲಂತ ತಿಳಿದ್ರ?"

ಅವಳು ಸೆರಗಿನ ತುದಿಯಿಂದ ಗಟ್ಟಿಯ ಮೇಲಿನ ಕುಂಕುಮವನ್ನು ಒರೆಸಿದಳು.

"ನಿನ್ನಿತನಾ ದೇವರು. ಇವತ್ತ ಇದು ಸಾಕ್ಷಿ. ಸಾಕ್ಷಿನ್ನ ಕೊಯ್ದರ ಪಾಪಿಲ್ಲ. ನಡಿ."

ಶಿಗ್ಗಾವಿಯಲ್ಲಿ ಲೇಥ್ ಇಟ್ಟಿರುವ ಮಾಬುಸಾಬ ಖಾದರಸಾಬರ ಭಾಮೈದ. ಅಂಗಡಿಯ ಮುಂದೆ ಮೆಕ್ಕೆಜೋಳ ಬಿಡಿಸುವ ಯಂತ್ರವೊಂದು ಹೊಟ್ಟೆ ತೆರೆದುಕೊಂಡು ಬಿದ್ದಿತ್ತು. ಅವನು ಗಟ್ಟಿಯನ್ನು ಕೈಯಲ್ಲಿ ತೂಗಿ ನೋಡಿ, "ಇದೇನ್ರಿ ಅಕ್ಕಾರ, ಒಳಗ ಬಂಗಾರ ಐತೇನು?" ಎಂದ.

"ನಮ್ಮಪ್ಪ ಅದಾನ. ಸಾವಕಾಶ ಕೊಯ್ಯಪಾ."

ಅವನ ನಗು ಇಳಿಯಿತು. ತಲೆಗೆ ವಸ್ತ್ರ ಸುತ್ತಿಕೊಂಡು ಗಟ್ಟಿಯನ್ನು ಬಿಗಿದ, ನೀರು ಬಿಟ್ಟ. ಚಕ್ರ ಕಿರುಚಿತು. ಅಕ್ಕ ಕಿವಿ ಮುಚ್ಚಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಒಂದು ಸಾಕ್ಷಿಗೆ ಇನ್ನೊಂದು ಸಾಕ್ಷಿಯಾಗಿ ನಿಂತಿದ್ದಳು. ನಾನು ಮಾತ್ರ ರಸ್ತೆಯ ಕಡೆ ನೋಡಿದೆ. ಚಾಪೆಯ ಗೆರೆಗಳು ಇರಲಿ ಎಂದು ಜೀವಮಾನದಲ್ಲಿ ಮೊದಲ ಸಲ ಹಾರೈಸಿದೆ, ಪರೀಕ್ಷಕನಾದವನು ಹಾರೈಸಬಾರದೆಂದು ಗೊತ್ತಿದ್ದೂ.

ಎರಡು ಹೋಳಾಯಿತು. ಆಮ್ಲದವರೆಗೆ ಹೋಗುವ ಅಗತ್ಯವೇ ಬೀಳಲಿಲ್ಲ. ಒಳಗೆ ರೊಟ್ಟಿಯ ಮೇಲಿನಂತೆ ಸಣ್ಣ ಸಣ್ಣ ಗುಳ್ಳೆಗಳು, ಒಂದು ತೂತಿನಲ್ಲಿ ಕಡಲೆಯಷ್ಟು ಇದ್ದಿಲು. ಆಕಾಶದಲ್ಲಿ ಕಟ್ಟಿಗೆ ಸುಡುವವರಿಲ್ಲ. ಇದು ಹಿಂದಿನ ಕಾಲದ ಯಾರೋ ಮಣ್ಣಿನ ಕುಲುಮೆಯಲ್ಲಿ ಅದಿರು ಕಾಸಿ, ಸರಿ ಬರಲಿಲ್ಲವೆಂದು ದಿಬ್ಬದ ಮೇಲೆ ಎಸೆದುಹೋದ ಕಬ್ಬಿಣ. ನಮ್ಮ ದಿಬ್ಬದಲ್ಲಿ, ಅದಿರು ಕಾಸಿದಾಗ ಉಳಿಯುವ ಕರಿ ಕಿಟ್ಟದ ಚೂರುಗಳು ಕಾಲಿಗೆ ಚುಚ್ಚುತ್ತಿದ್ದವೆಂಬುದು ಆಗ ನೆನಪಾಯಿತು. ಈ ನೆನಪು ಖರೆಯೋ ಅಥವಾ ಇದ್ದಿಲು ಕಂಡ ಮೇಲೆ ನಾನು ಕಟ್ಟಿಕೊಂಡದ್ದೋ, ಆಣೆ ಮಾಡಲಾರೆ.

ಅಕ್ಕನಿಗೆ ಹೇಳಿದೆ. ಸುತ್ತಿ ಬಳಸಿ ಹೇಳಿದೆ, ಆದರೂ ಹೇಳಿದೆ. ಅವಳು ಇದ್ದಿಲನ್ನು ಬೆರಳಿನಿಂದ ಮುಟ್ಟಿದಳು. ಬೆರಳು ಕಪ್ಪಾಯಿತು. ಅಳುತ್ತಾಳೆಂದುಕೊಂಡೆ.

"ಅಪ್ಪ ಇದು ಬೀಳೂದನ್ನ ನೋಡಿದ್ನೇನು?"

"ಇದು ಬಿದ್ದಿಲ್ಲಕ್ಕಾ. ಅಲ್ಲೇ ಇತ್ತು."

"ಅದನ್ನ ಕೇಳಾಕತ್ತೇನಿ. ಅಂವಾ ಸಂಜಿಮುಂದ ಕಂಡದ್ದು ಬೆಂಕಿ. ಕಬ್ಬಿಣ ಹೆಕ್ಕಿದ್ದು ಮುಂಜಾನೆ. ನಡುವ ರಾತ್ರಿ ಐತಿ. ಕಂಡದ್ದೊಂದು, ಹೆಕ್ಕಿದ್ದೊಂದು. ಹೌದೋ ಅಲ್ಲೋ?"

ಇಷ್ಟು ವರ್ಷ ಗಟ್ಟಿಯನ್ನೇ ಸಂಶಯಿಸಿದವನಿಗೆ, ಗಟ್ಟಿಯನ್ನೂ ಬೆಂಕಿಯನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಕೈಯ ಮೇಲೆ ಸಂಶಯ ಬಂದಿರಲಿಲ್ಲ. ಊರಿನವರು ಆ ಗಂಟನ್ನು ಹಾಗೆಯೇ ಎತ್ತಿ ಎಸೆದರು. ಅವ್ವ ಹಾಗೆಯೇ ಮಣೆಯ ಮೇಲಿಟ್ಟಳು. ನಾನು ಹಾಗೆಯೇ ಹೆದರಿಕೊಂಡೆ. ಕೈ ತಪ್ಪು ಕಲ್ಲನ್ನು ಹೆಕ್ಕಿತೆಂದು ಕಣ್ಣು ಸುಳ್ಳಾಗುವುದಿಲ್ಲ. ನನ್ನದೇ ಮನೆಯ ಗಿರಣಿ ಸಾಮಾನುಗಳು ಅದಕ್ಕೆ ಸಾಕ್ಷಿ. ಇದೂ ಒಂದು ಹೊಸ ಇಸ್ತ್ರಿ ಮಾಡಿದ ಕಥೆಯಲ್ಲವೇ ಎಂದು ಒಳಗಿನ ಪೀಡೆ ಪಿಸುಗುಟ್ಟಿತು. ಇರಬಹುದು. ಆದರೆ ಇದನ್ನು ಸುಳ್ಳೆನ್ನಲು ಎಷ್ಟು ತಡಕಿದರೂ ಒಂದು ಕಾರಣ ಕೈಗೆ ಹತ್ತಲಿಲ್ಲ.

"ಹೌದು," ಎಂದೆ.

"ಹಂಗಾರ ಅವತ್ತ ಬಿದ್ದದ್ದು ಎಲ್ಲೈತಿ?"

ಮಾಬುಸಾಬ ಹೋಳುಗಳನ್ನು ಕಾಗದದಲ್ಲಿ ಸುತ್ತಿ ಕೊಡಲು ಬಂದ. "ಇರಲಿ ಬಿಡಪಾ, ಅದು ಯಾರದೋ ಕುಲುಮಿದು," ಎಂದು ಅಕ್ಕ ಖಾಲಿ ಕೈಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಗದ್ದೆ ಈಗ ಬೇರೆಯವರದು, ದಿಬ್ಬದ ತುಂಬ ಗೋವಿನಜೋಳ ನಿಂತಿರುತ್ತದೆ, ಒಳಗೆ ಬಿಡುತ್ತಾರೋ ಇಲ್ಲವೋ ಎಂದೆಲ್ಲ ನಾನು ಹಿಂದಿನಿಂದ ಹೇಳುತ್ತಲೇ ಇದ್ದೆ.

ಬಸ್ಸಿನಲ್ಲಿ ಕಂಡಕ್ಟರ್ ನಮ್ಮ ಸೀಟಿನ ಹತ್ತಿರ ನಿಂತ. "ಎಲ್ಲಿಗ್ರಿ?"

"ಹಾನಗಲ್ಲ," ಎಂದು ಅಕ್ಕ ಆಧಾರ್ ಕಾರ್ಡ್ ತೋರಿಸಿದಳು. "ನಂದು ಫ್ರೀ. ಇವಂಗೂ ಒಂದು ಟಿಕೀಟ್ ಹರೀರಿ. ಹುಡುಕಾಂವ ಇವನ."