ಅಪ್ಪನ ಕೊನೆಯ ಟಗರು

ನಮ್ಮಪ್ಪ ವಿಠ್ಠಲವಾಡಿಯಲ್ಲಿ ಮಟನ್ ಅಂಗಡಿ ಇಟ್ಟಿದ್ದ. ಇಷ್ಟು ಸರಳವಾದ ಮಾತನ್ನು ಹೇಳಲು ನನಗೆ ನಲವತ್ತು ವರ್ಷ ಬೇಕಾದವು. ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ‘ಬಿಸ್‌ನೆಸ್’ ಎನ್ನುತ್ತಿದ್ದೆ. ಮದುವೆಯಾಗಿ ಘಣಸೋಲಿಗೆ ಬಂದ ಮೇಲೆ ಅಪಾರ್ಟ್‌ಮೆಂಟ್ ಸೊಸೈಟಿಯ ಹೆಂಗಸರಿಗೂ ಅದೇ ಉತ್ತರ. ಬಿಸ್‌ನೆಸ್ ಎಂದರೆ ಎಂಥದ್ದು ಎಂದು ಮುಂದುವರಿದು ಕೇಳುವ ಪುಣ್ಯಾತ್ಮರು ಈ ಕಡೆ ಕಡಿಮೆ. ಎಲ್ಲರಿಗೂ ಲೋಕಲ್ ರೈಲು ತಪ್ಪುವ ಚಿಂತೆ.

ನಾವು ವಿಜಯಪುರದ ಕಡೆಯವರು, ಕುರಿ ಕಾಯುವ ಮಂದಿ. ಅಪ್ಪ ಹರೆಯದಲ್ಲೇ ಈ ಮರಾಠಿ ಸೀಮೆಗೆ ಬಂದು ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನೆಲೆಯೂರಿದ. ಮುಂದೆ ಅಂಗಡಿ, ನಡುವೆ ನಾವಿದ್ದ ಖೋಲಿ, ಹಿಂದೆ ತಗಡು ಹೊದಿಸಿದ ದೊಡ್ಡಿ. ಆ ದೊಡ್ಡಿಯಲ್ಲಿ ಯಾವಾಗಲೂ ಹತ್ತು ಹದಿನೈದು ಕುರಿ. ಊರ ಕಡೆಯಿಂದ ಬಂದವನ್ನು ಒಂದೆರಡು ತಿಂಗಳಾದರೂ ಇಟ್ಟುಕೊಂಡು, ಪಕ್ಕದ ಕಲ್ಯಾಣದ ಮಾರ್ಕೆಟ್ಟಿನಿಂದ ಹೂಕೋಸಿನ ಎಲೆ, ಮೂಲಂಗಿ ಸೊಪ್ಪು ಹೊತ್ತು ತಂದು ಹಾಕಿ, ಮೈ ತುಂಬಿದ ಮೇಲೆಯೇ ಕೊಯ್ಯುತ್ತಿದ್ದ. ಬುಧವಾರ ಒಂದು, ರವಿವಾರ ಒಂದು. ಗಿರಾಕಿಗಳು ಎಷ್ಟೇ ಬೈದರೂ ಮೂರನೆಯದಿಲ್ಲ.

ಅವನವೇ ಕೆಲವು ಕಟ್ಟಳೆಗಳಿದ್ದವು. ಹಸಿದ, ಬಾಯಾರಿದ ಕುರಿಗೆ ಚಾಕು ಮುಟ್ಟಿಸಬಾರದು. ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು. ಅದಕ್ಕೆಂದೇ ದೊಡ್ಡಿಗೂ ಅಂಗಡಿಗೂ ನಡುವೆ ಎರಡು ಪದರ ಗೋಣಿತಟ್ಟಿನ ಪರದೆ ಕಟ್ಟಿದ್ದ. ತಾನು ಸಾಕಿದ್ದನ್ನು ತಾನೇ ಕೊಯ್ಯಬೇಕು, ಬೇರೆಯವರ ಕೈಗೆ ಕೊಡಕೂಡದು. ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ನಮ್ಮ ಕಡೆ ದೇವರಿಗೆ ಕುರಿ ಕೊಡುವಾಗ ಅದರ ಬೆನ್ನಿನ ಮೇಲೆ ನೀರು ಚಿಮುಕಿಸಿ ಕಾಯುತ್ತಾರೆ. ಕುರಿ ಮೈ ಜಾಡಿಸಿದರೆ ಒಪ್ಪಿಗೆ ಕೊಟ್ಟಿತು ಎಂದರ್ಥ, ಜಾಡಿಸದಿದ್ದರೆ ಕೊಯ್ಯುವಂತಿಲ್ಲ. ಅಪ್ಪ ಈ ಪದ್ಧತಿಯನ್ನು ಅಂಗಡಿಯಲ್ಲೂ ಬಿಡಲಿಲ್ಲ. ರವಿವಾರ ಬೆಳಿಗ್ಗೆ ಹೊರಗೆ ಹತ್ತಿಪ್ಪತ್ತು ಮಂದಿ ಚೀಲ ಹಿಡಿದು ನಿಂತಿರುತ್ತಿದ್ದರು. ಇವನು ಒಳಗೆ ತಂಬಿಗೆ ಹಿಡಿದು ಕುರಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ. ಒಮ್ಮೊಮ್ಮೆ ಅರ್ಧ ಗಂಟೆಯಾದರೂ ಅದು ಜಾಡಿಸುತ್ತಿರಲಿಲ್ಲ. ಆಗ ಅದನ್ನು ಮತ್ತೆ ದೊಡ್ಡಿಗೆ ಕಟ್ಟಿ ಬರುತ್ತಿದ್ದ, ಹೊರಗಿನವರು ಹಿಂದಿಯಲ್ಲೂ ಮರಾಠಿಯಲ್ಲೂ ಶಾಪ ಹಾಕುತ್ತಾ ಬೇರೆ ಅಂಗಡಿಗೆ ಹೋಗುತ್ತಿದ್ದರು.

ಕಾಲೇಜಿಗೆ ಹೋಗತೊಡಗಿದ ಮೇಲೆ ನನಗೆ ಇದನ್ನು ಕಂಡರೆ ಮೈ ಉರಿಯುತ್ತಿತ್ತು. ಕೊಯ್ಯುವುದಾದರೆ ಕೊಯ್ಯಿ, ಈ ನಾಟಕವೇಕೆ ಎಂದು ಒಂದು ದಿನ ಜಗಳಕ್ಕೇ ನಿಂತೆ. ತಣ್ಣೀರು ಬಿದ್ದರೆ ಯಾವ ಪ್ರಾಣಿಯಾದರೂ ಮೈ ಜಾಡಿಸುತ್ತದೆ, ಅದನ್ನು ಒಪ್ಪಿಗೆ ಎನ್ನುವುದು ನಮ್ಮ ಮನಸ್ಸಿಗೆ ನಾವೇ ಹಚ್ಚಿಕೊಳ್ಳುವ ಮುಲಾಮು ಎಂದು ಭಾಷಣ ಬಿಗಿದೆ. ಅಪ್ಪ ಚಾಕು ತೊಳೆಯುತ್ತಿದ್ದವನು ತಲೆ ಎತ್ತಲಿಲ್ಲ.

“ಗೊತ್ತೈತವಾ,” ಎಂದ. “ಅದು ಒಪ್ಪಲಿ ಅಂತ ಅಲ್ಲ. ನಾ ಒಂದಿಷ್ಟು ಕಾಯಬೇಕಂತ.”

ಆ ಮಾತು ನನಗೆ ಅಂದು ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂಬುದೂ ಸುಳ್ಳೇ, ನಾನು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ.

ಘಣಸೋಲಿಯ ನಮ್ಮ ಕಟ್ಟಡದಲ್ಲಿ ಮೂರನೆಯ ಮಾಳಿಗೆಯಲ್ಲಿ ಉಡುಪಿ ಕಡೆಯ ಒಬ್ಬ ಅಕ್ಕ ಇದ್ದಾರೆ. ಅವರ ಮನೆಯವರದು ವಾಶಿಯಲ್ಲಿ ಶಾಕಾಹಾರಿ ಹೋಟೆಲು. ಬೀದಿ ನಾಯಿಗೆ ಅನ್ನ, ಗಾಯಗೊಂಡ ಪಾರಿವಾಳಕ್ಕೆ ಔಷಧಿ, ಎಲ್ಲದಕ್ಕೂ ಅವರೇ. ನನ್ನನ್ನು ತಂಗಿಯಂತೆ ಕಂಡವರು. ಅವರ ಕೈಯ ಪತ್ರೊಡೆ ತಿನ್ನುವಾಗಲೆಲ್ಲ ಅಪ್ಪನ ವಿಷಯ ಹೇಳಿಬಿಡಲೇ ಎಂದು ಬಾಯಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ಎರಡು ವರ್ಷದ ಹಿಂದೆ ಸೊಸೈಟಿಯ ಎದುರಿನ ರಸ್ತೆಯಲ್ಲಿ ಸ್ಕೂಟರಿನ ಎರಡೂ ಬದಿಗೆ ಕೋಳಿಗಳನ್ನು ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿಕೊಂಡು ಹೋಗುವುದನ್ನು ನೋಡಿ ಅಕ್ಕ ಅತ್ತುಬಿಟ್ಟರು. ಒಂದು ಕೋಳಿಯ ತಲೆ ಚಕ್ರಕ್ಕೆ ತಾಗುತ್ತಿತ್ತು. ಏನಾದರೂ ಮಾಡಲೇಬೇಕು ಎಂದು ಇಬ್ಬರೂ ಅಂದುಕೊಂಡೆವು.

ಸೊಸೈಟಿಯ ಮೀಟಿಂಗಿನಲ್ಲಿ ದೊಡ್ಡ ಚರ್ಚೆಯೇ ಆಯಿತು. ಮಾಂಸದ ಅಂಗಡಿಗಳೇ ಬೇಡ ಎಂದರು ಕೆಲವರು. ಹೇಗೂ ಸಾಯುವ ಪ್ರಾಣಿಗೆ ಇದೆಂಥ ಉಪಚಾರ ಎಂದು ನಕ್ಕರು ಕೆಲವರು. ಅಕ್ಕ ಮಾತ್ರ ಎರಡಕ್ಕೂ ಒಪ್ಪಲಿಲ್ಲ. ತಿನ್ನುವವರು ತಿನ್ನಲಿ, ನನ್ನ ತಟ್ಟೆ ನನಗೆ, ಅವರ ತಟ್ಟೆ ಅವರಿಗೆ. ಆದರೆ ಸಾಯುವ ತನಕವಾದರೂ ಆ ಜೀವಕ್ಕೆ ಭಯ, ನೋವು ಕಡಿಮೆಯಾಗಲಿ ಎಂದರು. ಅದು ನನಗೂ ನ್ಯಾಯವೆಂದು ಕಂಡಿತು. ಇಂದಿಗೂ ಹಾಗೆಯೇ ಕಾಣುತ್ತದೆ.

“ನಿಮ್ಮ ಮರಾಠಿ ಚಂದ ಉಂಟು ಮಾರಾಯ್ರೆ,” ಎಂದರು ಅಕ್ಕ. “ಪಾಲಿಕೆಗೆ ಅರ್ಜಿ ನೀವೇ ಬರೀರಿ.”

ಬರೆದೆ. ಜಂಬದಿಂದಲೇ ಬರೆದೆ. ಪ್ರಾಣಿಗಳನ್ನು ತುಂಬಿ ಸಾಗಿಸಬಾರದು, ನೀರು ನೆರಳು ಕೊಡಬೇಕು, ಡಾಕ್ಟರು ನೋಡಬೇಕು, ನೆಲ ಸ್ವಚ್ಛವಿರಬೇಕು. ‘ತನ್ನ ಜೊತೆಗಾರ ಸಾಯುವುದು ಪ್ರಾಣಿಗೆ ತಿಳಿಯುತ್ತದೆ, ಅದರ ಮುಂದೆ ಕೊಯ್ಯುವುದು ಎರಡು ಸಲ ಕೊಂದಂತೆ’ ಎಂದು ಒಂದು ಸಾಲು ಸೇರಿಸಿದಾಗ ಅಕ್ಕ ನನ್ನ ಕೈ ಹಿಡಿದುಕೊಂಡರು. ಕೊನೆಗೆ, ಗಲ್ಲಿಯ ಅಂಗಡಿಗಳ ಒಳಗೆ ಕೊಯ್ಯುವುದೇ ನಿಲ್ಲಬೇಕು, ಎಲ್ಲವೂ ಪರವಾನಗಿ ಪಡೆದ ಕಸಾಯಿಖಾನೆಯಲ್ಲೇ ಆಗಬೇಕು ಎಂದು ಬರೆದೆ.

ಅರ್ಜಿ ಚೆನ್ನಾಗಿದೆಯೆಂದು ವಾಟ್ಸಾಪಿನಲ್ಲಿ ಹರಿದಾಡಿತು. ಥಾಣೆ ನಗರದವರು ತೆಗೆದುಕೊಂಡರು, ಡೊಂಬಿವಲಿಯವರು ತೆಗೆದುಕೊಂಡರು, ಊರ ಹೆಸರಷ್ಟೇ ಬದಲಿಸಿ ತಮ್ಮ ತಮ್ಮ ಪಾಲಿಕೆಗೆ ಕೊಟ್ಟರು. ಕಲ್ಯಾಣದ ಕಡೆಯವರೊಬ್ಬರು ನನಗೇ ಫೋನು ಮಾಡಿ ಕೇಳಿದರು. ಅಪ್ಪನ ಅಂಗಡಿ ಅದೇ ಪಾಲಿಕೆಗೆ ಸೇರಿದ್ದು. ಕಳಿಸುವಾಗ ಅದು ನೆನಪಾಗಲಿಲ್ಲವೇ? ಆಯಿತು. ಊರಿಗೊಂದು ನ್ಯಾಯ, ಅಪ್ಪನಿಗೊಂದು ನ್ಯಾಯ ಆಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಒಳಗೊಳಗೆ ಇನ್ನೊಂದೂ ಇತ್ತು. ಆ ಅಂಗಡಿ ಮುಚ್ಚಿದರೆ ‘ಬಿಸ್‌ನೆಸ್’ ಎಂಬ ಸುಳ್ಳು ಹೇಳುವುದು ತಪ್ಪುತ್ತದೆ ಎಂಬ ಸಣ್ಣ ಆಸೆ. ಅದನ್ನು ಈಗ ಬರೆಯುವಾಗಲೂ ಕೈ ಹಿಂಜರಿಯುತ್ತದೆ.

ನಾಲ್ಕು ತಿಂಗಳಾದ ಮೇಲೆ ಅವ್ವ ಫೋನು ಮಾಡಿದಳು. ಏನೋ ನೋಟಿಸು ಬಂದಿದೆ, ಅಪ್ಪ ನಿನ್ನನ್ನು ಓದಲು ಕರೆಯುತ್ತಿದ್ದಾನೆ ಎಂದಳು. ಅಪ್ಪನಿಗೆ ಮರಾಠಿ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಾನು ಶಾಲೆಯ ಐದನೆಯ ಇಯತ್ತೆಯಲ್ಲಿದ್ದಾಗಿನಿಂದ ಮನೆಗೆ ಬಂದ ಪ್ರತಿ ಕಾಗದವನ್ನೂ ನಾನೇ ಓದಿ ಹೇಳಿದ್ದೇನೆ. ಲೈಟ್ ಬಿಲ್ಲು, ರೇಷನ್ ಕಾರ್ಡು, ಆಸ್ಪತ್ರೆಯ ಚೀಟಿ, ಎಲ್ಲವನ್ನೂ. ಥಾಣೆಯಲ್ಲಿ ಇಳಿದು ಬದಲಾಪುರ ಲೋಕಲ್ ಹತ್ತಿ ಹೋದೆ.

ನೋಟಿಸಿನ ಜೊತೆ ಅರ್ಜಿಯ ಪ್ರತಿಯನ್ನೂ ಲಗತ್ತಿಸಿದ್ದರು. ಕೆಳಗೆ ಕಲ್ಯಾಣದವರ ಸಹಿಗಳು. ಮೇಲಿನ ಒಂದೊಂದು ಅಕ್ಷರವೂ ನನ್ನದು. ಅಪ್ಪ ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ, ಓದವಾ ಎಂದ. ನೋಟಿಸು ಓದಿದೆ: ಇನ್ನೊಂದು ತಿಂಗಳಲ್ಲಿ ಅಂಗಡಿಯಲ್ಲಿ ಕೊಯ್ಯುವುದು ನಿಲ್ಲಬೇಕು, ಅದಾದ ಮೇಲೆ ಹತ್ತು ದಿನದೊಳಗೆ ದೊಡ್ಡಿಯೂ ಖಾಲಿಯಾಗಬೇಕು. ಅಷ್ಟಕ್ಕೆ ಮಡಚಿಟ್ಟೆ. ಆ ಇನ್ನೊಂದು ಹಾಳೆ ಏನು ಎಂದು ಕೇಳಿದ. ನನ್ನ ಮರಾಠಿಯನ್ನು ನಾನೇ ಒಂದೊಂದು ಸಾಲಾಗಿ ಕನ್ನಡಕ್ಕೆ ತಿರುಗಿಸಿ ಅಪ್ಪನಿಗೆ ಹೇಳಿದೆ. ಜೊತೆಗಾರನ ಸಾವಿನ ಸಾಲು ಬಂದಾಗ ಅವನು ಕಣ್ಣು ತೆರೆದ.

“ಖರೇ ಬರದಾರ,” ಎಂದ. “ಇವ್ರ ಮನ್ಯಾಗ ಯಾರೋ ಕುರಿ ಕಾದವ್ರು ಇರಬೇಕು.”

ಆ ಕ್ಷಣ ನಾನು ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಅವ್ವ ತಂದಿಟ್ಟ ಚಹಾ ಕುಡಿದು, ಆಫೀಸು ಎಂದು ಸುಳ್ಳು ಹೇಳಿ ಎದ್ದು ಬಂದೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು ನನ್ನ ಪರೋಪಕಾರ.

ಆ ಒಂದು ತಿಂಗಳಲ್ಲಿ ಅಪ್ಪ ಎಂದಿನಂತೆ ಬುಧವಾರ, ರವಿವಾರ ಕೊಯ್ದ. ಹೊಸವನ್ನು ತರಲಿಲ್ಲ. ಗಡುವು ಮುಗಿದಾಗ ದೊಡ್ಡಿಯಲ್ಲಿ ಒಂದು ಟಗರು ಉಳಿದಿತ್ತು. ಅದು ಉಳಿದವುಗಳಂತೆ ಒಂದೆರಡು ತಿಂಗಳಿನದಲ್ಲ. ಹಳೆಯ ಗಿರಾಕಿಯೊಬ್ಬರ ಮನೆಯಲ್ಲಿ ಗಂಡುಮಗು ಹುಟ್ಟಿದಾಗ, ಕೂಸಿನ ಮೊದಲ ಕೂದಲು ತೆಗೆಸುವ ಜಾವಳದ ಊಟಕ್ಕೆ ನಿಮ್ಮ ಕೈಯಿಂದಲೇ ಒಂದು ಟಗರು ಬೇಕು ಎಂದು ಹೇಳಿಟ್ಟಿದ್ದರು. ಮರಿಯಾಗಿ ಬಂದದ್ದು ಒಂದು ವರ್ಷ ಅಪ್ಪನ ಹಿಂದೆ ಮುಂದೆ ಓಡಾಡಿಕೊಂಡು ಬೆಳೆದಿತ್ತು. ಜಾವಳದ ದಿನ ಗಡುವು ದಾಟಿ ಒಂದು ವಾರಕ್ಕೆ ಬಿದ್ದಿತ್ತು.

ಅದನ್ನು ಉಳಿಸೋಣ ಎಂದೆ. ಅಕ್ಕನಿಗೂ ಹೇಳಿದೆ, ಪರಿಚಯದವರೊಬ್ಬರ ಟಗರು ಎಂದು ಅರ್ಧ ಸತ್ಯ. ಪಾಪ, ಅವರು ಗೋಶಾಲೆ, ಪ್ರಾಣಿಗಳ ಆಶ್ರಮ ಎಂದು ಎಲ್ಲೆಲ್ಲಿಗೋ ಫೋನು ಮಾಡಿದರು. ಹಸುವಾದರೆ ಇಟ್ಟುಕೊಳ್ಳುತ್ತೇವೆ, ಟಗರಿಗೆ ಜಾಗವಿಲ್ಲ ಎಂಬ ಉತ್ತರವೇ ಎಲ್ಲ ಕಡೆ. ಅಪ್ಪನಂತೂ ಉಳಿಸುವ ಮಾತಿಗೆ ಒಪ್ಪಲೇ ಇಲ್ಲ. ಕೊಯ್ಯಲೆಂದೇ ಸಾಕಿದ್ದು, ಕೂಸಿನ ಹೆಸರಿನಲ್ಲಿ ಮಾತು ಕೊಟ್ಟದ್ದು, ಅದನ್ನು ಯಾವುದೋ ಊರಲ್ಲಿ ಬಿಟ್ಟು ಬಂದರೆ ಇನ್ನೊಬ್ಬ ಕೊಯ್ಯುತ್ತಾನೆ ಅಷ್ಟೇ ಎಂದ. ಹಾಗಾದರೆ ಬಾಗಿಲು ಹಾಕಿಕೊಂಡು ಇಲ್ಲೇ ಮುಗಿಸು, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಅರ್ಜಿ ಬರೆದವಳೇ ಹೀಗೆಂದೆ, ನಾಚಿಕೆಗೆಟ್ಟವಳು. ಅಪ್ಪ ನನ್ನನ್ನು ನೋಡಿದ. ಅನ್ನ ಕೊಟ್ಟ ಊರಿನ ಕಾಯ್ದೆ, ಕದ್ದು ಕೊಯ್ಯುವವನಾಗಿ ಸಾಯಲಾರೆ ಎಂದ. ಅವನಿಗಿದ್ದದ್ದು ಒಂದೇ ಆಸೆ. ಎಲ್ಲಿ ಕೊಯ್ದರೂ ತಾನು ಜೊತೆಗಿರಬೇಕು, ಸಾಧ್ಯವಾದರೆ ಚಾಕು ತನ್ನ ಕೈಯಲ್ಲಿರಬೇಕು. ಕಸಾಯಿಖಾನೆಯವರನ್ನು ಕೇಳಿ ನೋಡು ಎಂದು ನನಗೆ ಹೇಳಿದ. ಬೇಡಿಕೊಂಡರೆ ಒಳಗೆ ಬಿಡುತ್ತಾರೆ ಎಂದು ನಾನೂ ಅಂದುಕೊಂಡೆ.

ಜಾವಳದ ದಿನ ಬೆಳಿಗ್ಗೆ ಟೆಂಪೊ ಬಂತು. ಅಪ್ಪ ಹಿಂದೆ ಟಗರಿನ ಜೊತೆ ಕೂತ, ನಾನು ಡ್ರೈವರನ ಪಕ್ಕ. ಕಸಾಯಿಖಾನೆ ಒಂದು ತಾಸಿನ ದಾರಿ. ಅಲ್ಲಿನವರನ್ನು ಬೈಯಲು ನನಗೆ ಒಂದು ಕಾರಣವೂ ಸಿಗಲಿಲ್ಲ. ತೊಳೆದ ಟೈಲ್ಸಿನ ನೆಲ, ನೆರಳು, ತೊಟ್ಟಿಯ ತುಂಬ ನೀರು. ಡಾಕ್ಟರು ಬಂದು ಟಗರಿನ ಕಣ್ಣು, ಬಾಯಿ ನೋಡಿ ನಂಬರ್ ಇದ್ದ ಚೀಟಿ ಬರೆದು ನನ್ನ ಕೈಗೆ ಕೊಟ್ಟರು. ನಾನು ಬರೆದದ್ದೆಲ್ಲ ಅಲ್ಲಿತ್ತು.

ಟಗರು ಮಾತ್ರ ಟೆಂಪೊದಿಂದ ಇಳಿಯಲೊಲ್ಲದು. ಇಬ್ಬರು ಕೆಲಸದವರು ಹಗ್ಗ ಎಳೆದರು, ಹಿಂದಿನಿಂದ ತಳ್ಳಿದರು. ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಅಪ್ಪ ಅವರನ್ನು ತಡೆದು, ಕೆಳಗಿಳಿದು, ನಾಲಿಗೆಯಿಂದ ಎರಡು ಸಲ ಲೊಚಗುಟ್ಟಿದ. ಮೇವು ಹಾಕುವಾಗ ಮಾಡುವ ಸದ್ದು ಅದು. ಟಗರು ಸರಕ್ಕನೆ ಜಿಗಿದು ಬಂದು ಅವನ ಧೋತರಕ್ಕೆ ಮೂತಿ ಒರೆಸಿತು. ಹಾಗೆಯೇ ಇಬ್ಬರೂ ಬಾಗಿಲ ತನಕ ನಡೆದರು.

ಬಾಗಿಲಲ್ಲಿ ಬಿಳಿ ಕೋಟಿನವನು ಕೈ ಅಡ್ಡ ಹಿಡಿದ. ಹೊರಗಿನವರು ಒಳಗೆ ಬರುವಂತಿಲ್ಲ, ಸ್ವಚ್ಛತೆಯ ನಿಯಮ. ನಾನು ಮರಾಠಿಯಲ್ಲಿ ಬೇಡಿಕೊಂಡೆ, ಕೈ ಮುಗಿದೆ. ಅವನು ಒರಟನೇನಲ್ಲ. ಕಾಕಾ, ನನ್ನ ಕೈಯಲ್ಲಿಲ್ಲ ಎಂದು ಅಪ್ಪನ ಹೆಗಲು ಮುಟ್ಟಿ ಹೇಳಿದ. ಹಗ್ಗ ಅವನ ಕೈಗೆ ಹೋಯಿತು. ಟಗರು ಮತ್ತೆ ಕಾಲು ಊರಿತು, ಕುತ್ತಿಗೆ ತಿರುಗಿಸಿ ಅಪ್ಪನನ್ನೇ ನೋಡುತ್ತ ನಿಂತಿತು. ಎಳೆದರೆ ಹಗ್ಗ ಬಿಗಿದು ಗಂಟಲಿನಿಂದ ಕೆಟ್ಟ ಸದ್ದು ಬರುತ್ತಿತ್ತು. ಅಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಬಗ್ಗಿ ಅದರ ಕಿವಿಯ ಬುಡ ಕೆರೆದ.

“ನಡಿ ಮಗನ,” ಎಂದ. “ನಾ ಹಿಂದಿಂದ ಬರ್ತೇನಿ.”

ಅದು ಹೋಯಿತು. ಒಮ್ಮೆಯೂ ತಿರುಗಿ ನೋಡಲಿಲ್ಲ. ಪ್ಲಾಸ್ಟಿಕ್ ಪಟ್ಟಿಗಳ ಪರದೆ ಅಲ್ಲಾಡಿ ನಿಂತಿತು.

ಹೊರಗೆ ಒಂದು ಬೆಂಚು ಇತ್ತು. ಇಬ್ಬರೂ ಕೂತೆವು. ಅಪ್ಪ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದ, ಅಲ್ಲಿ ಏನೋ ಇದ್ದು ಈಗ ಇಲ್ಲವೆನ್ನುವ ಹಾಗೆ. ನನಗೆ ಇನ್ನು ತಡೆಯಲಾಗಲಿಲ್ಲ. ಅಳುತ್ತಲೇ ಹೇಳಿಬಿಟ್ಟೆ. ಆ ಅರ್ಜಿ ನಾನು ಬರೆದದ್ದು, ಒಂದೊಂದು ಸಾಲೂ ನನ್ನದೇ, ಕಲ್ಯಾಣದವರಿಗೆ ಕಳಿಸಿದವಳೂ ನಾನೇ ಎಂದೆ. ಬೈಯಲಿ, ಹೊಡೆಯಲಿ ಎಂದು ಕಾದೆ.

“ನೀ ಖರೇನ ಬರದಿದ್ದಿ ಬಿಡವಾ,” ಎಂದ ಅಪ್ಪ, ಆ ಪರದೆಯನ್ನೇ ನೋಡುತ್ತ. “ಸುಳ್ಳು ಹೇಳಿದಾಂವ ನಾನು. ಈಗ, ಆ ಟಗರಿಗೆ.”

ಮಾಂಸ ಒಯ್ಯಲು ಒಳಗಿನಿಂದ ನಮ್ಮ ನಂಬರ್ ಕೂಗಿದರು. ಅಪ್ಪ ಏಳಲಿಲ್ಲ. ಇನ್ನೊಮ್ಮೆ ಕೂಗಿದರು. ಚೀಟಿ ನನ್ನ ಕೈಯಲ್ಲಿತ್ತು, ನಾನೇ ಎದ್ದು ಹೋದೆ.